ಶೋಧವೂ ಜರಡಿಯೂ

ಹಳೇಬೀಡಿನ ಚರಿತ್ರೆಯನ್ನು ಅಭ್ಯಸಿಸಬೇಕೆಂದು ವಿದ್ಯಾರ್ಥಿಯೊಬ್ಬನು ಗಣಕಯಂತ್ರದ ಮುಂದೆ ಕುಳಿತು ‘ಹಳೇಬೀಡು’ ಎಂದು ಬೆರಳಚ್ಚಿಸಿದನೆಂದು ಭಾವಿಸೋಣ. ಹೊಯ್ಸಳರ ಕಾಲದ ಶಾಸನಗಳಲ್ಲಿ ಆ ರಾಜಧಾನಿಯ ಹೆಸರು ದೋರಸಮುದ್ರ. ಈ ಎರಡು ಹೆಸರುಗಳಿಗಿರುವ ಸಂಬಂಧವನ್ನು ಯಂತ್ರಕ್ಕೆ ಯಾರೂ ತಿಳಿಸದಿದ್ದರೆ ಆ ಶಾಸನಗಳು ಅವನ ಕಣ್ಣಿಗೆ ಬೀಳುವುದೇ ಇಲ್ಲ. ‘ಶಾಸನಗಳೇ ಇಲ್ಲ’ ಎಂದು ತೀರ್ಮಾನಿಸಿ ಅವನು ಎದ್ದುಹೋಗುವನು. ಇದು ಹುಡುಗನ ತಪ್ಪಲ್ಲ, ಯಂತ್ರದ ತಪ್ಪೂ ಅಲ್ಲ. ಪಟ್ಟಿಯನ್ನು ಸಿದ್ಧಪಡಿಸಿದವರ ತಪ್ಪು.

ಇಂತಹ ತಪ್ಪನ್ನು ನಿವಾರಿಸಲು ನೆರವಾಗುವ ವ್ಯವಸ್ಥೆಯೊಂದಕ್ಕೆ ‘ಆಂಟಾಲಜಿ’ ಎಂದು ಹೆಸರು. ನಿಘಂಟು ಪದದಿಂದ ಹೊರಟು ಅರ್ಥವನ್ನು ಹೇಳುತ್ತದೆ. ಆಂಟಾಲಜಿಯಾದರೋ ವಸ್ತುವಿನಿಂದ, ಪರಿಕಲ್ಪನೆಯಿಂದ ಹೊರಡುತ್ತದೆ. ಪ್ರತಿಯೊಂದು ಪರಿಕಲ್ಪನೆಗೂ ಬದಲಾಗದ ಒಂದು ಗುರುತನ್ನು ಕೊಟ್ಟು, ಅದಕ್ಕಿರುವ ಹೆಸರುಗಳನ್ನೂ ಇತರ ಪರಿಕಲ್ಪನೆಗಳೊಡನೆ ಅದಕ್ಕಿರುವ ಸಂಬಂಧಗಳನ್ನೂ ಬರೆದಿಡುತ್ತಾರೆ. ಇದಕ್ಕೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ‘ಪ್ರೊಟೆಜೆ’ಯಂತಹ ಸಂಪಾದನಾ ತಂತ್ರಾಂಶಗಳಿವೆ. ಜೀವವಿಜ್ಞಾನಿಗಳು 1998ರಲ್ಲಿ ಆರಂಭಿಸಿದ ಜೀನ್ ಆಂಟಾಲಜಿಯಲ್ಲಿ ಪರ್ಯಾಯನಾಮಗಳನ್ನು ಸಮಾನಾರ್ಥಕ, ವಿಶಾಲಾರ್ಥಕ, ಸಂಕುಚಿತಾರ್ಥಕ, ಸಂಬಂಧಿತ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾರೆ.

ಈ ವಿಂಗಡಣೆ ಬರಿಯ ಪಾಂಡಿತ್ಯಪ್ರದರ್ಶನವಲ್ಲ. ಬೇಲೂರು ದೇವಾಲಯದ ಶಿಲೆಯನ್ನು ಜನರು ‘ಬಳಪದ ಕಲ್ಲು’ ಎನ್ನುತ್ತಾರೆ. ಭೂವಿಜ್ಞಾನಿಗಳು ‘ಕ್ಲೋರೈಟ್ ಶಿಸ್ಟ್’ ಎನ್ನುತ್ತಾರೆ. ಮೊದಲನೆಯದನ್ನು ಬರೆದವನಿಗೆ ಎರಡನೆಯದೂ ಸಿಗಬೇಕು. ಆದರೆ ಟಾಲ್ಕ್ ಪ್ರಧಾನವಾದ ಮೆದುಕಲ್ಲಿಗೂ ಜನರು ಬಳಪದ ಕಲ್ಲೆಂದೇ ಹೇಳುವುದರಿಂದ ಇವೆರಡೂ ಒಂದೇ ಎಂದು ಬರೆಯುವುದು ತಪ್ಪಾದೀತು. ಹೆಸರುಗಳನ್ನು ಜೋಡಿಸುವುದು ಎಷ್ಟು ಮುಖ್ಯವೋ ಯಾವ ಬಗೆಯ ಜೋಡಣೆಯೆಂದು ಹೇಳುವುದೂ ಅಷ್ಟೇ ಮುಖ್ಯ.

ನಮ್ಮ ಭಾಷೆಯ ತೊಡಕು ಇನ್ನೂ ಒಂದಿದೆ. ‘ಬೇಲೂರು’ ಎಂದು ಹುಡುಕಿದರೆ, ಅಕ್ಷರಗಳನ್ನಷ್ಟೇ ಹೋಲಿಸುವ ಯಂತ್ರಕ್ಕೆ ‘ಬೇಲೂರಿನಲ್ಲಿ’ ಎಂಬುದು ಕಾಣದು. ವಿಭಕ್ತಿ ಸೇರುತ್ತಲೇ ‘ರು’ ಹೋಗಿ ‘ರಿ’ ಬಂದಿರುತ್ತದೆ. ‘ಅರಸೀಕೆರೆ’ ಎಂದು ಕೇಳಿದವನಿಗೆ ‘ಅರಸಿಕೆರೆ’ ಎಂದು ಬರೆದಿಟ್ಟದ್ದೂ ದೊರೆಯದು.

ಇನ್ನು ಜರಡಿ ಹಿಡಿಯುವ ವಿಚಾರ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ‘ವಿಶ್ವಪರಂಪರೆಗೆ ಸೇರಿದವು ಮಾತ್ರ’ ಎಂದು ಪಟ್ಟಿಯನ್ನು ಸೋಸಿದೊಡನೆ, ನಕ್ಷತ್ರಾಕಾರದ ಮಂಟಪವುಳ್ಳ ಅರಸೀಕೆರೆಯ ಈಶ್ವರ ದೇವಾಲಯವು ಪರದೆಯಿಂದ ಮಾಯವಾಗುತ್ತದೆ. ದೇವಾಲಯವಾದರೋ 1220ರಿಂದ ನಿಂತಲ್ಲೇ ನಿಂತಿದೆ. ಜರಡಿಯು ದೋಷವಲ್ಲ, ಸಾವಿರಾರು ಪದಗಳ ನಡುವೆ ಅದಿಲ್ಲದೆ ಕೆಲಸ ಸಾಗದು. ಆದರೆ ಜರಡಿ ಹಿಡಿದಿದೆಯೆಂಬುದನ್ನೂ ಎಷ್ಟು ಪದಗಳು ಮರೆಯಾಗಿವೆಯೆಂಬುದನ್ನೂ ತಂತ್ರಾಂಶವು ಎದ್ದುಕಾಣುವಂತೆ ತೋರಿಸಬೇಕು. ಇಲ್ಲದಿದ್ದರೆ ಸಂಪಾದಕನು ಇದ್ದ ಪದವನ್ನೇ ಇಲ್ಲವೆಂದು ತಿಳಿದು ಮತ್ತೊಮ್ಮೆ ಸೇರಿಸುವನು. ಒಂದೇ ವಸ್ತುವಿನ ಜ್ಞಾನವು ಎರಡು ಕಡೆ ಹರಿದು ಹಂಚಿಹೋಗುವುದು.

ಜೀನ್ ಆಂಟಾಲಜಿಯಲ್ಲಿ ಬಳಕೆ ತಪ್ಪಿದ ಪದವನ್ನು ಅಳಿಸಿಹಾಕುವುದಿಲ್ಲ. ‘ಬಳಕೆ ತಪ್ಪಿದೆ’ ಎಂದು ಗುರುತುಮಾಡಿ ಉಳಿಸುತ್ತಾರೆ. ಹಳೆಯ ಬರಹವನ್ನು ಓದುವವನಿಗೆ ಹಳೆಯ ಹೆಸರೇ ದಾರಿ. ಈ ವಿವೇಕವನ್ನು ನಾವೂ ಕಲಿಯಬೇಕು.

ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಈ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಯಂತ್ರವು ಊಹಿಸಬಲ್ಲದು; ಊಹೆ ಸರಿಯೋ ತಪ್ಪೋ ಎಂದು ಕಲ್ಲನ್ನು ಕಂಡವರು, ಶಾಸನವನ್ನು ಓದಿದವರು ಹೇಳಬೇಕು. ಆದುದರಿಂದ ವಿದ್ಯಾರ್ಥಿಮಿತ್ರರೇ, ನಿಮ್ಮೂರಿನ ಗುಡಿ, ಕೆರೆ, ಕಲ್ಲು, ಬೆಳೆಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿರಿ. ಪ್ರತಿಯೊಂದು ಹೆಸರಿನ ಮುಂದೆ ಅದು ಯಾವ ವಸ್ತುವಿನದು, ಯಾರು ಹಾಗೆ ಕರೆಯುವರು ಎಂದು ಗುರುತಿಸಿರಿ. ಇಂದು ನೀವು ಬರೆದಿಡದ ಹೆಸರನ್ನು ನಾಳೆ ಯಾವ ಯಂತ್ರವೂ ಹುಡುಕಿಕೊಡಲಾರದು.