ಇಸವಿ ನೋಡಿ ಬೆಳೆಗಾರನಿಗೆ ಬರೆ ಎಳೆಯಬೇಡಿ

ಅಡಿಕೆ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಗೊತ್ತಲ್ಲ? ಅದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಲ್ಲಿ. ಅಲ್ಲಿನ ಕೆಂಪು ವೈನನ್ನು ಹಣವಂತರು ಹತ್ತಾರು ವರ್ಷ ಕೂಡಿಡುತ್ತಾರೆ. ಬಾಟಲಿ ಮೇಲಿನ ಇಸವಿ ನೋಡಿ ಬೆಲೆ ಕಟ್ಟುತ್ತಾರೆ.

1991 ಎಂದರೆ ಅವರು ಮೂಗು ಮುರಿಯುತ್ತಾರೆ. ಆ ಏಪ್ರಿಲ್‌ನಲ್ಲಿ ರಾತ್ರಿ ಬಿದ್ದ ಹಿಮಕ್ಕೆ ಬಳ್ಳಿಯ ಎಳೆ ಚಿಗುರು ಸುಟ್ಟುಹೋಯಿತು. ಮತ್ತೆ ಒಡೆದ ಚಿಗುರಿನ ಹಣ್ಣು ತಡವಾಯಿತು, ಒಂದೇ ಸಮ ಮಾಗಲಿಲ್ಲ. ಕೊಯ್ಲಿಗೆ ಮಳೆ ಹಿಡಿಯಿತು. ಹೆಸರಾಂತ ಪೆತ್ರೂಸ್ ತೋಟ ಆ ವರ್ಷದ ವೈನನ್ನೇ ಹೊರತರಲಿಲ್ಲ. ಆದರೆ ಜಿರೋಂದ್ ನದಿಯ ಪಕ್ಕದಲ್ಲಿ ಚಳಿ ಅಷ್ಟು ಕಚ್ಚಲಿಲ್ಲ. ಲಾತೂರ್‌ನಂಥ ತೋಟಗಳು ಒಳ್ಳೆಯ ವೈನನ್ನೇ ಮಾಡಿದವು.

ಹಾಗಾಗಿ ಸಂಗ್ರಹಿಸುವವರಿಗೆ ನಾವು ಹೇಳುವುದಿಷ್ಟು: ಇಸವಿಗಿಂತ ಮೊದಲು ತೋಟ ಯಾವುದು, ಹಣ್ಣು ಹೇಗೆ ಆರಿಸಿದರು ಎಂದು ಕೇಳಿ. ಬಾಟಲಿಯನ್ನು ತಂಪಿನಲ್ಲಿ ಅಡ್ಡ ಮಲಗಿಸಿಟ್ಟಿದ್ದರೇ, ವೈನ್ ಕತ್ತಿನ ಬುಡದವರೆಗಾದರೂ ಇದೆಯೇ ನೋಡಿ. ಇಂಥ ವರ್ಷದ ವೈನ್ ಸಾಮಾನ್ಯವಾಗಿ ಬೇಗ ಮುಪ್ಪಾಗುತ್ತದೆ. ಬೆಲೆ ಇನ್ನೂ ಏರಲಿ ಎಂದು ಕಾಯದೆ ಕುಡಿಯುವುದೇ ಲೇಸು.

ಇನ್ನೊಂದು ಮಾತು. ಪೆತ್ರೂಸ್‌ನಂಥವರು ಒಂದು ವರ್ಷ ಮಾರದೆ ಕೂರಬಲ್ಲರು. ಸಣ್ಣ ಬೆಳೆಗಾರನಿಗೆ ಆ ದಾರಿಯಿಲ್ಲ, ಸಿಕ್ಕಷ್ಟರಲ್ಲೇ ವೈನ್ ಮಾಡಿ ಮಾರಬೇಕು. ಚಳಿಗೆ ಅರ್ಧ ಬೆಳೆ ಕಳೆದುಕೊಂಡವನಿಗೆ ಇಸವಿಯ ಕೆಟ್ಟ ಹೆಸರು ಎರಡನೇ ಪೆಟ್ಟು. ಬೆಳೆ ಕೆಟ್ಟ ವರ್ಷ ಕಂಡ ನಮಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ.