ನೇತ್ರಾಣಿಯಲ್ಲಿ ಒಂದು ರಾತ್ರಿ

ದ್ವೀಪವೆಂದೊಡನೆ ಘಟ್ಟದ ಮೇಲಿನ ಗೃಹಸ್ಥನ ಮನಸ್ಸಿನಲ್ಲಿ ಮೂಡುವ ಚಿತ್ರ ಹೆಚ್ಚು ಕಡಿಮೆ ಒಂದೇ. ಬಿಳಿಯ ಮರಳು, ಕಡಲ ಕಡೆಗೆ ಬಾಗಿದ ತೆಂಗು, ಎರಡು ಮರಗಳ ನಡುವೆ ತೂಗುವ ಜೋಲಿ, ಹತ್ತು ಹೆಜ್ಜೆ ಈಚೆಗೆ ಊಟದ ಮೇಜು. ಈ ಚಿತ್ರವನ್ನು ಬರೆದವರು ಹೋಟೆಲಿನವರೇ ಹೊರತು ದ್ವೀಪದವರಲ್ಲವೆಂಬುದು ಅವನಿಗೆ ಹೊಳೆಯುವುದು ತಡವಾಗಿ.

ಬಸವನಗುಡಿಯ ಒಂದು ಸಂಸಾರ ಒಂದು ಚಳಿಗಾಲದಲ್ಲಿ ಇಂತಹುದೇ ಚಿತ್ರವನ್ನು ಹೊತ್ತುಕೊಂಡು ಶಿರಾಲಿಗೆ ಬಂದಿಳಿಯಿತು. ಯಜಮಾನರು ಬ್ಯಾಂಕಿನ ಕೆಲಸದಿಂದ ನಿವೃತ್ತರಾದವರು. ಮಗಳಿಗೆ ಮದುವೆ ನಿಶ್ಚಯವಾಗಿತ್ತು, ವರನಿರುವುದು ಕೆನಡಾದಲ್ಲಿ. ದೂರ ಹೋಗುವ ಮುನ್ನ ಮನೆಮಂದಿಯೆಲ್ಲ ಒಂದು ದ್ವೀಪದಲ್ಲಿ ಒಂದು ರಾತ್ರಿ ಕಳೆಯಬೇಕೆಂಬುದು ಅವಳ ಹಂಬಲ. ಮಾಲ್ಡೀವ್ಸಿನ ದರಪಟ್ಟಿಯನ್ನು ಓದಿದ ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು. ದರ ಇಳಿಯಲಿಲ್ಲ. ಅತ್ತ ಅವರ ತಾಯಿಗೆ ಶಿರಾಲಿಯ ಚಿತ್ರಾಪುರ ಮಠವನ್ನು ಕಣ್ಣಾರೆ ಕಾಣಬೇಕೆಂಬ ಆಸೆ ಬಹುಕಾಲದ್ದು. ಶಿರಾಲಿಗೆ ಸಮೀಪದಲ್ಲೇ ಮುರುಡೇಶ್ವರ. ಮುರುಡೇಶ್ವರದ ಎದುರು ಕಡಲಿನಲ್ಲಿ ನೇತ್ರಾಣಿ. ತಾಯಿಯ ಆಸೆಗೂ ಮಗಳ ಹಂಬಲಕ್ಕೂ ಒಂದೇ ಟಿಕೆಟ್ಟು ಸಾಕೆಂದು ಬ್ಯಾಂಕಿನ ತಲೆ ಲೆಕ್ಕ ಹಾಕಿತು.

ಶಿರಾಲಿ ರಾಷ್ಟ್ರೀಯ ಹೆದ್ದಾರಿಯ ಮೇಲಿನ ಊರು. ಲಾರಿಗಳ ಅಬ್ಬರದಿಂದ ತುಸು ಒಳಗೆ ಸರಿದರೆ ಮಠದ ಪ್ರಶಾಂತವಾದ ಆವರಣ. 1708ರಲ್ಲಿ ಗೋಕರ್ಣದಲ್ಲಿ ಮೊದಲಾದ ಚಿತ್ರಾಪುರ ಸಾರಸ್ವತರ ಗುರುಪರಂಪರೆ 1757ರಲ್ಲಿ ಇಲ್ಲಿ ನೆಲೆಯೂರಿತು. ಅಜ್ಜಿ ಅಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕುಳಿತರು. ಅವರ ಮಟ್ಟಿಗೆ ಪ್ರಯಾಣ ಅಲ್ಲಿಗೇ ಸಾರ್ಥಕವಾಗಿತ್ತು.

ಮುರುಡೇಶ್ವರದಲ್ಲಿ ಕಡಲಿಗೆ ಮುಖ ಮಾಡಿದ ವಸತಿಗೃಹವೊಂದರಲ್ಲಿ ಎರಡು ಕೋಣೆಗಳು ದೊರೆತವು. ಮೂರು ಕಡೆಯೂ ನೀರು ಸುತ್ತುವರಿದ ಕಂದುಕಗಿರಿ, ಅದರ ನೆತ್ತಿಯಲ್ಲಿ 123 ಅಡಿಯ ಶಿವನ ವಿಗ್ರಹ, ಬುಡದಲ್ಲಿ ಇಪ್ಪತ್ತು ಅಂತಸ್ತಿನ ರಾಜಗೋಪುರ. ಒಂದು ಕಾಲದಲ್ಲಿ ಸಣ್ಣ ಮೀನುಗಾರರ ಊರಾಗಿದ್ದ ಈ ಸ್ಥಳಕ್ಕೆ ಇಂದಿನ ರೂಪ ಬಂದುದು ಇಲ್ಲಿಯವರೇ ಆದ ಉದ್ಯಮಿ ಆರ್. ಎನ್. ಶೆಟ್ಟಿಯವರಿಂದ. ಲಿಫ್ಟಿನಲ್ಲಿ ಗೋಪುರವನ್ನೇರಿ ಕಿಟಕಿಯಿಂದ ನೋಡಿದಾಗ ದಿಗಂತದ ಅಂಚಿನಲ್ಲಿ ನೀಲಿಯಾದೊಂದು ಗುಡ್ಡ, ನೀರಿನಲ್ಲಿ ಮುಳುಗಿ ಬೆನ್ನು ಮಾತ್ರ ತೋರಿಸುವ ಎಮ್ಮೆಯಂತೆ ಕಂಡಿತು. ಸುಮಾರು 19 ಕಿಲೋಮೀಟರ್ ದೂರ. ಆಕಾಶದಿಂದ ನೋಡಿದರೆ ಅದು ಹೃದಯದ ಆಕಾರದಲ್ಲಿದೆಯೆಂದು ಮಗಳು ಹೇಳಿದಳು. ಪುನೀತ್ ರಾಜ್‌ಕುಮಾರ್ ಇದೇ ದ್ವೀಪದ ಬಳಿ ನೀರಿಗಿಳಿದುದನ್ನು ಅವರ ನಿಧನಾನಂತರ 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಆಕೆ ನೋಡಿದ್ದಳು, ಹಂಬಲದ ಬೇರು ಅಲ್ಲಿತ್ತು.

“ಅಲ್ಲಿ ಹೋಟೆಲು ಯಾವುದಿದೆ?” ಎಂದು ಯಜಮಾನರು ವಸತಿಗೃಹದ ಹುಡುಗನನ್ನು ಕೇಳಿದರು. ಅವನು ನಕ್ಕು, ಸಂಜೆ ಅಳ್ವೆಕೋಡಿಗೆ ಹೋಗಿ ವಿಚಾರಿಸಿ ನೋಡಿ ಎಂದ.

ಅಳ್ವೆಕೋಡಿ ಶಿರಾಲಿಯದೇ ಕಡಲ ಮಗ್ಗುಲು. ಹೊಳೆ ಕಡಲನ್ನು ಸೇರುವ ಬಾಯಿಗೆ ಈ ಸೀಮೆಯವರು ಅಳಿವೆ ಎನ್ನುತ್ತಾರೆ. ದಡಕ್ಕೆಳೆದ ದೋಣಿಯೊಂದರ ನೆರಳಿನಲ್ಲಿ ಹಿರಿಯ ಮೀನುಗಾರರೊಬ್ಬರು ಹರಿದ ಬಲೆಯನ್ನು ಹೆಣೆಯುತ್ತ ಕುಳಿತಿದ್ದರು. ಯಜಮಾನರ ಪ್ರಶ್ನೆಯನ್ನು ಕೇಳಿ ಅವರ ಕೈ ನಿಂತಿತು.

“ನೇತ್ರಾಣಿಯಲ್ಲಿ ರಾತ್ರಿ ಉಳಿಯೂದಾ? ಅಲ್ಲಿ ಉಳಿಯುವವರು ಮೂರೇ ಮಂದಿ ಮಾರಾಯ್ರೆ. ಹದ್ದು, ಪಾರಿವಾಳ, ಹರಕೆಯ ಆಡು.”

ಮಾತು ಅಷ್ಟೇ, ಆದರೆ ಅದರಲ್ಲಿ ಇಡೀ ದ್ವೀಪ ಅಡಗಿತ್ತು. ಪಾರಿವಾಳಗಳಿಂದಾಗಿಯೇ ಇಂಗ್ಲಿಷರು ತಮ್ಮ ನಕ್ಷೆಗಳಲ್ಲಿ ಇದನ್ನು ಪಿಜನ್ ಐಲೆಂಡ್ ಎಂದು ಬರೆದುಕೊಂಡರು. ಎತ್ತರದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳು ಕಡ್ಡಿಗಳನ್ನು ಒಟ್ಟಿ ದೊಡ್ಡ ಗೂಡುಗಳನ್ನು ಕಟ್ಟುತ್ತವೆ. ಮೀನುಗಾರರು ಹರಕೆಗೆಂದು ಬಿಟ್ಟ ಆಡುಗಳು ಅಲ್ಲಿಯೇ ಕಾಡಿನವಾಗಿವೆ. ಇನ್ನು ಮನುಷ್ಯನ ಮಾತು: ಜೋಲಿ ಕಟ್ಟುವ ಮರಳದಂಡೆಯಿಲ್ಲ, ಅಂಚೆಲ್ಲ ಕಡಿದಾದ ಬಂಡೆ, ಬಂಡೆಗೆ ಬಡಿಯುವ ತೆರೆ. ಮೇಲಾಗಿ ನೌಕಾಪಡೆಯವರು ಗುರಿಯ ಅಭ್ಯಾಸಕ್ಕೆ ಈ ದ್ವೀಪವನ್ನು ಬಳಸುತ್ತ ಬಂದಿದ್ದಾರೆ. ಹದ್ದಿನ ಗೂಡೂ ಗುಂಡಿನ ಗುರಿಯೂ ಒಂದೇ ಗುಡ್ಡವಾಗಿರುವುದು ಸರಿಯೇ ಎಂದು ಪಕ್ಷಿಪ್ರಿಯರು ಕೇಳುತ್ತ ಬಂದಿದ್ದಾರೆ, ಕೇಳತಕ್ಕ ಪ್ರಶ್ನೆಯೇ.

ಮಗಳ ಮುಖ ಬಾಡಿತು. “ಸರಕಾರ ಮನಸ್ಸು ಮಾಡಿದರೆ ಒಂದು ನಾಲ್ಕು ಕೋಣೆ ಕಟ್ಟುವುದು ಕಷ್ಟವೆ ಅಪ್ಪ?” ಎಂದಳು. ಉತ್ತರ ಬಂದುದು ಅಪ್ಪನಿಂದಲ್ಲ, ಅಮ್ಮನಿಂದ.

“ನಾಲ್ಕು ಕೋಣೆಗೆ ಸ್ನಾನದ ನೀರು ಯಾರು ಹೊರುತ್ತಾರೆ?”

2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರಿನ ದಾರಿ ಕಾದ ಗೃಹಿಣಿಗೆ ಮಾತ್ರ ಇಷ್ಟು ಬೇಗ ಹೊಳೆಯಬಹುದಾದ ಪ್ರಶ್ನೆಯಿದು. ದ್ವೀಪದ ಹೋಟೆಲೆಂಬುದರ ಗುಟ್ಟೆಲ್ಲ ಇರುವುದು ಈ ನೀರಿನಲ್ಲಿ. ಲಕ್ಷದ್ವೀಪದಂತಹ ಹವಳದ ದ್ವೀಪಗಳಲ್ಲಿ ಮಳೆಯ ನೀರು ಮರಳಿನೊಳಗೆ ಇಳಿದು, ಉಪ್ಪುನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೇಲಿಕೊಂಡಿರುತ್ತದೆ. ಕನ್ನಡಕದ ಗಾಜಿನಂತೆ ನಡುವೆ ದಪ್ಪ, ಅಂಚಿನಲ್ಲಿ ತೆಳು. ಕಡಲಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರಿರಬಹುದೆಂದು ಶಾಸ್ತ್ರಜ್ಞರ ಲೆಕ್ಕ. ಆದರೆ ಈ ಲೆಕ್ಕ ತಿರುಗಿಯೂ ನಡೆಯುತ್ತದೆ: ಪಂಪು ಹಚ್ಚಿ ಒಂದಡಿ ಇಳಿಸಿದರೆ ಕೆಳಗಿನಿಂದ ಉಪ್ಪುನೀರು ಅಷ್ಟೇ ಪಾಲಿನಲ್ಲಿ ಮೇಲೇರುತ್ತದೆ. ಬಾವಿ ಒಮ್ಮೆ ಉಪ್ಪಾಯಿತೆಂದರೆ ಸುಲಭವಾಗಿ ಸಿಹಿಯಾಗದು. ಲಕ್ಷದ್ವೀಪದ ಕವರತ್ತಿಯಲ್ಲಿ 2005ರಲ್ಲಿ ಕಡಲ ನೀರಿನಿಂದಲೇ ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರನ್ನು ಪಡೆಯುವ ಸ್ಥಾವರವನ್ನು ಸ್ಥಾಪಿಸಿದರು. ಮೇಲಿನ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಆಳದಿಂದೆತ್ತಿದ ತಣ್ಣೀರಿನಿಂದ ಆ ಆವಿಯನ್ನು ತಣಿಸಿ ಹನಿಗೂಡಿಸುವ ಉಪಾಯ. ಜನ ಬಾಳುವ ದ್ವೀಪಕ್ಕೇ ಇಷ್ಟು ಸಾಹಸ ಬೇಕಾದರೆ, ಒಂದು ರಾತ್ರಿಗೆ ಬಂದು ಎರಡು ಸಲ ಮೀಯುವ ಅತಿಥಿಗೆ ಎಷ್ಟು ಬೇಕು! ಅವನು ಬಿಟ್ಟುಹೋಗುವ ಬಾಟಲಿಗಳ ಮಾತು ಬೇರೆಯೇ ಉಂಟು.

ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೂ ಜನ ಹಗಲಿನಲ್ಲಿ ಹೋಗಿ ಹಗಲಿನಲ್ಲೇ ಹಿಂದಿರುಗುತ್ತಾರೆ. ಅದರ ಕಲ್ಲುಕಂಬಗಳು ಇನ್ನೂ ಚೆನ್ನಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಆ ರಾತ್ರಿ ಕೋಣೆಯ ಮೊಗಸಾಲೆಯಲ್ಲಿ ಕುಳಿತವರಿಗೆ ಕಡಲು ಸಾಕಿದ ಪ್ರಾಣಿಯಂತೆ ಕಂಡಿತು. ಹೋಟೆಲಿನ ದೀಪಗಳ ಬೆಳಕಿನಲ್ಲಿ ತೆರೆಗಳು ಬಂದು, ನೊರೆ ಹಾಸಿ, ಹಿಂದಿರುಗುತ್ತಿದ್ದುವು. ಕಡಲಂಚಿನ ಹೋಟೆಲಿನ ಮೋಹವೂ ಇಲ್ಲೇ, ಅಪಾಯವೂ ಇಲ್ಲೇ. ಕಿಟಕಿಯ ಚೌಕಟ್ಟಿನೊಳಗೆ ನೋಡಿದ ಕಡಲಿಗೆ ಹೆದರುವವರಾರು? 2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆಂದು ಬಂದ ನಾಲ್ವರು ಬಾಲಕಿಯರು ಇದೇ ಮುರುಡೇಶ್ವರದ ದಂಡೆಯಲ್ಲಿ ನೀರುಪಾಲಾದರು. ಅದಕ್ಕೆ ಹಿಂದೆ, 2019ರ ಜನವರಿಯಲ್ಲಿ, ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಕೆರೆಯನ್ನು ಬಲ್ಲವರಿಗೆ ಕಡಲು ಗೊತ್ತೆಂದಾಗುವುದಿಲ್ಲ.

ಮರುದಿನ ಮುಂಜಾನೆ ಮಗಳು ನೀರಿಗಿಳಿಯಲು ಹೊರಟಾಗ ಅಜ್ಜಿ ಕೈಹಿಡಿದು ನಿಲ್ಲಿಸಿದರು. ದಂಡೆಯ ಕಾವಲಿನವನೂ ಸೀಟಿ ಊದಿದ. ಅವಳು ಆರಿಸಿಕೊಂಡಿದ್ದುದು ತೆರೆಯೊಡೆಯದೆ ನಯವಾಗಿ ತೋರುತ್ತಿದ್ದ ಜಾಗ. ಅವನು ತಾಳ್ಮೆಯಿಂದ ವಿವರಿಸಿದ: ದಡಕ್ಕೆ ನುಗ್ಗಿದ ನೀರು ಮರಳಿ ಹೋಗಲೇಬೇಕಷ್ಟೆ, ಅದು ಇಕ್ಕಟ್ಟಾದೊಂದು ಓಣಿ ಮಾಡಿಕೊಂಡು ಹೊಳೆಯಂತೆ ಒಳಕ್ಕೆ ಹರಿಯುತ್ತದೆ. ಆ ಓಣಿಯ ಮೇಲೆ ತೆರೆ ಕಡಿಮೆ. ಅದಕ್ಕೇ ಅದು ಶಾಂತವಾಗಿ ಕಾಣುತ್ತದೆ. ಸೆಳೆತಕ್ಕೆ ಸಿಕ್ಕವರು ನೇರವಾಗಿ ದಡದತ್ತ ಈಜಿದರೆ ಸೋಲುವುದೇ ಖಂಡಿತ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬಿದ್ದು, ಆಮೇಲೆ ದಡಕ್ಕೆ ತಿರುಗಬೇಕು. ಬಂದವರಿಗೆ ಕೋಣೆಯ ಬೀಗದ ಕೈಯೊಡನೆ ಈ ನಾಲ್ಕು ಮಾತುಗಳನ್ನು ಕನ್ನಡದಲ್ಲಿ ಅಚ್ಚುಹಾಕಿಸಿ ಕೊಡುವುದಕ್ಕೆ ಹೋಟೆಲುಗಳವರಿಗೆ ಎಷ್ಟು ಖರ್ಚಾದೀತು?

ಕೊನೆಗೆ ಮಗಳು ನೇತ್ರಾಣಿಗೆ ಹೋದಳು, ಉಳಿಯುವುದಕ್ಕಲ್ಲ, ಮುಳುಗುವುದಕ್ಕೆ. ಮಳೆಗಾಲ ಕಳೆದ ಮೇಲೆ ಬೇಸಿಗೆಯವರೆಗೆ ತರಬೇತಿ ಪಡೆದವರು ಯಾತ್ರಿಕರನ್ನು ಮೋಟಾರುದೋಣಿಯಲ್ಲಿ ಕರೆದೊಯ್ಯುತ್ತಾರೆ. ಯಜಮಾನರೂ ಜತೆಗಿದ್ದರು, ಅರ್ಧ ದಾರಿಯಲ್ಲೇ ಹೊಟ್ಟೆ ತೊಳಸಿ, ಮಿಕ್ಕ ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಕುಳಿತರು. ಮಗಳ ಬೆನ್ನಿಗೆ ಗಾಳಿಯ ಸಿಲಿಂಡರನ್ನು ಬಿಗಿದರು. ಮೂಗು ಹಿಡಿದು ಮೆಲ್ಲನೆ ಊದಿ ಕಿವಿಯ ಒತ್ತಡವನ್ನು ಸರಿಮಾಡಿಕೊಳ್ಳುವುದನ್ನು ಕಲಿಸಿದರು. ಏನನ್ನೂ ಮುಟ್ಟಕೂಡದೆಂದು ಎರಡು ಸಲ ಹೇಳಿದರು. ಮನುಷ್ಯನಿಗೆ ಹಾಸಿಗೆ ಒದಗಿಸದ ಆ ಬಂಡೆಯ ಬುಡದಲ್ಲಿ ಹವಳಗಳಿದ್ದುವು. ಗಿಳಿಮೀನುಗಳೂ ಚಿಟ್ಟೆಮೀನುಗಳೂ ಅವಳನ್ನು ಲಕ್ಷಿಸದೆ ತಮ್ಮ ಪಾಡಿಗೆ ಮೇಯುತ್ತಿದ್ದುವು.

ಮಧ್ಯಾಹ್ನ ದೋಣಿ ದಡಕ್ಕೆ ಬಂದಾಗ ಅಜ್ಜಿ ಕೊಡೆ ಹಿಡಿದು ಕಾದಿದ್ದರು.

“ನನಗೆ ಒಂದು ಕಪ್ಪೆಚಿಪ್ಪಾದರೂ ತಂದೆಯೇನೆ?”

“ತರಬಾರದಂತೆ ಅಜ್ಜಿ. ಅಲ್ಲಿಯದು ಅಲ್ಲೇ ಇರಬೇಕಂತೆ.”

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿ, “ನಿನ್ನನ್ನೂ ಹಾಗೆಯೇ ಯಾರಾದರೂ ತಡೆದಿದ್ದರೆ ಚೆನ್ನಾಗಿತ್ತು” ಎಂದು, ಅವಳ ಒದ್ದೆ ತಲೆಯನ್ನು ಸೆರಗಿನಿಂದ ಒರೆಸತೊಡಗಿದರು.