‘ಹದಿನೈದಕ್ಕ ಮಳಿ ಬರ್ತದೇನು?’ ಅಂತ ನನ್ನ ಕೇಳಬ್ಯಾಡ್ರಿ

ಆಗಸ್ಟ್ ತಿಂಗಳು ಹುಟ್ಟಿತು ಅಂದ್ರ ನಮ್ಮ ಮನ್ಯಾಗ ಒಂದೇ ಪ್ರಶ್ನೆ. ಸುರಪುರದ ಕಡಿಂದ ತಮ್ಮ ಫೋನ್ ಮಾಡ್ತಾನ, ಯಾದಗಿರಿಯಿಂದ ಅಕ್ಕ ಮಾಡ್ತಾಳ, ಇಲ್ಲಿ ಶಹಾಪುರದಾಗ ಮಗ್ಗಲ ಮನಿ ಹುಡುಗಿ ಬಿಳಿ ಬೂಟು ಕೈಯಾಗ ಹಿಡ್ಕೊಂಡು ಬಾಗಿಲಿಗೆ ಬಂದು ನಿಲ್ತಾಳ. ಎಲ್ಲಾರದೂ ಒಂದೇ ಮಾತು: ‘ಹದಿನೈದಕ್ಕ ಮಳಿ ಬರ್ತದೇನು?’ ಫೋನಿನ್ಯಾಗ ಹವಾಮಾನ ನೋಡೋ ಚಟ ನನಗ ಮೊದಲಿಂದ ಅದ. ಅದಕ್ಕ ನಾನೇ ಮನಿ ಪಂಚಾಂಗ ಆಗಿ ಕುಂತೀನಿ. ಈ ವರ್ಷದಿಂದ ಈ ಪ್ರಶ್ನೆಗೆ ನಾನು ಉತ್ತರ ಕೊಡೋದಿಲ್ಲ. ಯಾಕ ಅಂತ ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ.

ಹೋದ ವರ್ಷ ಉತ್ತರ ಕೊಟ್ಟಿದ್ದೆ. ತವರಮನಿಯವರು ಎರಡು ಎಕರೆ ಹೆಸರು ಹಾಕಿದ್ರು. ಜೂನಿನ್ಯಾಗ ಬಿತ್ತಿದ ಹೆಸರು ಆಗಸ್ಟ್ ನಡುವ ಅನ್ನೋದ್ರಾಗ ಕಾಯಿ ಕರ್ರಗಾಗಿ ಕುಂತಿರ್ತದ, ಅದು ನಿಮಗೂ ಗೊತ್ತದ. ಆಗ ಕೂಲಿ ಆಳು ಸಿಗೋದು ಕಷ್ಟ. ಹದಿನೈದಕ್ಕ ಎಲ್ಲಾರಿಗೂ ಸೂಟಿ, ಮುಂಜಾನಿ ಝಂಡಾ ಮುಗಿಸ್ಕೊಂಡು ಮನಿಮಂದಿ ಮಕ್ಕಳು ಎಲ್ಲಾ ಹೊಲಕ್ಕ ಇಳಿದು ಕಾಯಿ ಬಿಡಸಬೇಕು ಅಂತ ಮಾತಾಗಿತ್ತು. ಆಗಸ್ಟ್ 5ಕ್ಕ ತಮ್ಮ ಕೇಳಿದ. ನನ್ನ ಫೋನು 15ರ ಮ್ಯಾಲ ಒಂದು ಕರಿ ಮೋಡ, ಕೆಳಗ ಮೂರು ಹನಿ, ಮಗ್ಗಲಕ್ಕ ‘ಶೇ. 60’ ಅಂತ ತೋರಿಸ್ತು. ನಾನು ದೊಡ್ಡ ಜಾಣಿ, ‘ಅವತ್ತು ಮಳಿ ಅದಪಾ, ಬ್ಯಾಡ, ಐತಾರ ನೋಡೋಣು’ ಅಂದೆ.

ಹದಿನೈದಕ್ಕ ಮುಂಜಾನಿಂದ ಸಂಜಿತನ ಛಲೋ ಬಿಸಿಲು. ಮಕ್ಕಳು ಬೂಂದಿ ತಿಂದು ಊರಾಗ ಅಡ್ಡಾಡಿದ್ರು. ಮರುದಿನ ರಾತ್ರಿ ಹಿಡಿದ ಮಳಿ ಮೂರು ದಿನ ಬಿಡಲಿಲ್ಲ. ಗಿಡದ ಮ್ಯಾಲಿನ ಕಾಯ್ಯಾಗೇ ಕಾಳು ಮೊಳಕಿ ಒಡೀತು. ನಾನು ಹೋದಾಗ ಅವ್ವ ಬೈಯಲಿಲ್ಲ. ಒಂದು ಕಾಯಿ ಬಿಚ್ಚಿ, ಬಿಳಿ ಮೊಳಕಿ ಬಂದ ಕಾಳು ನನ್ನ ಅಂಗೈ ಮ್ಯಾಲ ಇಟ್ಟಳು, ಅಷ್ಟೇ.

ಆಮ್ಯಾಲ ಮನ್ಯಾಗ ಎರಡು ಪಕ್ಷ ಆದವು. ತಮ್ಮ ಅಂತಾನ, ‘ಹವಾಮಾನದವರು ಬರೇ ಸುಳ್ಳು ಹೇಳ್ತಾರ.’ ಕಾಕಾ ಅಂತಾರ, ‘ಫೋನ್ ಒಗೀರಿ, ನಮ್ಮ ಹಿರಿಯರ ನಕ್ಷತ್ರದ ಲೆಕ್ಕ ಎಂದೂ ತಪ್ಪಿಲ್ಲ.’ ನನಗ ಎರಡೂ ಮಾತು ಒಪ್ಪಿಗಿ ಇಲ್ಲ.

ಮೊದಲು ತಮ್ಮಗ ಹೇಳ್ತೀನಿ. ಶೇಕಡಾ 60 ಅಂದ್ರ ‘ಮಳಿ ಬಂದೇ ಬರ್ತದ’ ಅಂತ ಅಲ್ಲ. ಅಂಥಾ ಹತ್ತು ದಿನ ಬಂದ್ರ ಆರು ದಿನ ಮಳಿ, ನಾಕು ದಿನ ಒಣ, ಅಂತ ಅರ್ಥ. ನಮಗ ಬಂದದ್ದು ಆ ನಾಕರಾಗಿನ ಒಂದು ದಿನ. ಅದರಾಗ ಸುಳ್ಳು ಎಲ್ಲದ? ಅದೂ ಹತ್ತು ದಿನ ಮೊದಲು ಹೇಳಿದ ಅಂಕಿ. ನಮ್ಮ ಹವಾಮಾನ ಇಲಾಖೆ 1875ರಾಗ ಶುರು ಆದದ್ದು, ಇಷ್ಟು ವರ್ಷದ ಅನುಭವ ಇದ್ದೂ ಅವರು ಒಂದು ವಾರ ದಾಟಿದ ಮ್ಯಾಲ ದಿನದ ಲೆಕ್ಕ ಬಿಟ್ಟು ವಾರದ ಲೆಕ್ಕದಾಗ ಮಾತಾಡ್ತಾರ. ಫೋನಿನ ಚಿತ್ರಕ್ಕ ಆ ಸಂಕೋಚ ಇಲ್ಲ. ನಾಳಿನ ಮೋಡ, ಹತ್ತು ದಿನದ ಆಚಿನ ಮೋಡ ಎರಡನ್ನೂ ಅದು ಒಂದೇ ಬಣ್ಣದಾಗ ಬರೀತದ.

ಇನ್ನೊಂದು. ಟಿವಿಯವರು ‘ಉತ್ತರ ಒಳನಾಡು’ ಅಂತಾರಲ್ಲ, ಅದು ಬೀದರದಿಂದ ಹಿಡಿದು ಧಾರವಾಡ, ಹಾವೇರಿತನ ಒಂದೇ ಪಟ್ಟಿ. ‘ಒಂದೆರಡು ಕಡೆ ಮಳೆ’ ಅಂದ್ರ ಇಲಾಖೆಯ ಲೆಕ್ಕದಾಗ ಆ ಪಟ್ಟಿಯೊಳಗಿನ ಮಳೆಮಾಪನ ಕೇಂದ್ರಗಳಾಗ ನೂರಕ್ಕ 25ರ ಒಳಗ. ಅಂದ್ರ ನಾಕರಾಗ ಮೂರು ಊರು ಒಣ ಉಳಿದ್ರೂ ಆ ಮಾತು ಖರೇನೇ. ಯಾದಗಿರಿಯಾಗ ಗಟಾರ ತುಂಬಿ ಹರಿಯೋವಾಗ ಶಹಾಪುರದಾಗ ಬುದ್ಧ ಮಲಗಿದ ಗುಡ್ಡದ ಮ್ಯಾಲ ಬಿಸಿಲು ಇರೋದು ನಾವೇ ಎಷ್ಟು ಸಲ ನೋಡೀವಿ.

ಇಲಾಖೆಯ ದಿನ ನಮ್ಮ ಕ್ಯಾಲೆಂಡರಿನ ದಿನ ಅಲ್ಲ ಅನ್ನೋದು ನನಗೂ ತಡವಾಗಿ ತಿಳೀತು. ಅವರ ಮಳಿ ಲೆಕ್ಕ ಮುಂಜಾನಿ 8:30ರಿಂದ ಮರುದಿನ ಮುಂಜಾನಿ 8:30ರತನ. 15ನೇ ತಾರೀಖಿನ ಮಳಿ ಅಂತ ಬರಕೊಳ್ಳೋದು 14ರ ಮುಂಜಾನಿಂದ ಬಿದ್ದ ಮಳಿ. ಸಾಲ್ಯಾಗ ಝಂಡಾ ಏರಸೋದು ಹೆಚ್ಚು ಕಡಿಮಿ ಅದೇ ಹೊತ್ತಿಗೆ! ಮ್ಯಾಲ ನಮ್ಮ ಒಳನಾಡಿನ್ಯಾಗ ಮಳಿ ಹೆಚ್ಚಾಗಿ ಬರೋದು ಮಧ್ಯಾಹ್ನ ಇಳಿದ ಮ್ಯಾಲ, ಸಂಜಿಗೆ, ರಾತ್ರಿಗೆ. ‘ಹದಿನೈದಕ್ಕ ಮಳಿ’ ಅಂದ ಕೂಡಲೆ ಮುಂಜಾನಿ ಎಂಟಕ್ಕ ಮಕ್ಕಳ ತಲಿ ಮ್ಯಾಲ ಮಳಿ ಅಂತ ತಿಳ್ಕೊಳ್ಳೋದು ನಮ್ಮ ತಪ್ಪು.

ಈಗ ಕಾಕಾಗ. ಹಿರಿಯರ ಮ್ಯಾಲ ನನಗೂ ಗೌರವ ಅದ. ಆದ್ರ ಹಿರಿಯರು ಹೇಳಿದ್ದಾದ್ರೂ ಏನು? ವರ್ಷಕ್ಕ 27 ನಕ್ಷತ್ರ, ಒಂದೊಂದಕ್ಕ ಹದಿಮೂರು ಹದಿನಾಲ್ಕು ದಿನ. ಆಗಸ್ಟ್ 15 ಬರೋದು ಆಶ್ಲೇಷ ಮಳಿಯ ಬಾಲಕ್ಕ, ಎರಡು ದಿನ ಬಿಟ್ಟು ಮಘಿ ಹೂಡ್ತದ. ‘ಮಘಿ ಛಲೋ ಆಗ್ತದ’ ಅಂದ್ರ ಅದು ಎರಡು ವಾರದ ಮಾತು. ಇಂಥಾ ದಿನ ಇಂಥಾ ತಾಸಿಗೆ ಝಂಡಾ ಏರಸ್ರಿ ಅಂತ ಯಾವ ಮುತ್ತ್ಯಾನೂ ಹೇಳಿಲ್ಲ. ಇಲಾಖೆಯವರ ವಾರದ ಲೆಕ್ಕ, ಹಿರಿಯರ ನಕ್ಷತ್ರದ ಲೆಕ್ಕ, ಇಬ್ಬರಿಗೂ ತಮ್ಮ ಮಿತಿ ಗೊತ್ತಿತ್ತು. ಗೊತ್ತಿಲ್ಲದಾಕಿ ನಾನೊಬ್ಬಾಕಿ.

ನನ್ನ ನಿಜವಾದ ತಪ್ಪು ಇನ್ನೂ ಹೇಳಿಲ್ಲ. ಕಾಯಿ ಹಣ್ಣಾಗಿತ್ತು, ಮಳಿ ಬರೋ ಅಂದಾಜಿತ್ತು. ಹಂಗಾದ್ರ ಆ ಮುನ್ಸೂಚನೆಯ ಅರ್ಥ ‘ಮುಂದ ಹಾಕ್ರಿ’ ಅಂತಲ್ಲ, ‘ಬ್ಯಾಗ ಬಿಡಸ್ರಿ’ ಅಂತ! ಬಿಡಿಸಿದ ಕಾಯಿ ಮ್ಯಾಲ ಮಳಿ ಬಂದ್ರ ತಾಡಪತ್ರಿ ಮುಚ್ಚಿ ಮರುದಿನ ಬಿಸಿಲಿಗೆ ಹರವಬಹುದು. ಗಿಡದ ಮ್ಯಾಲಿನ ಕಾಯಿಗೆ ತಾಡಪತ್ರಿ ಯಾರು ಹೊಚ್ಚತಾರ? ನಾನು ‘ಬರ್ತದೋ ಇಲ್ಲೋ’ ಅಂತ ನೋಡಿದೆ, ‘ಬಂದ್ರ ಯಾವುದು ಹೆಚ್ಚು ಹಾಳಾಗ್ತದ’ ಅಂತ ನೋಡಲಿಲ್ಲ. ನಮ್ಮ ಹೆಸರು ಹೋದದ್ದು ಈ ಒಂದು ಪ್ರಶ್ನೆ ಬಿಟ್ಟದ್ದಕ್ಕ.

ಸಾಲಿಯದೂ ಇದೇ ಕಥಿ. ಅಕ್ಕನ ಮಗಳು ತಿಂಗಳಗಟ್ಟಲೆ ಕುಣಿತ ಕಲ್ತಿದ್ದಳು. ಯಾರೋ ಫೋನ್ ನೋಡಿ ಮಳಿ ಅದ ಅಂದ್ರಂತ, ಕುಣಿತ ರದ್ದು. ಬಿಸಿಲಿನ್ಯಾಗ ಝಂಡಾ ಏರಿಸಿ ಹತ್ತು ನಿಮಿಷಕ್ಕ ಮನಿಗೆ ಕಳಿಸಿದ್ರು. ಇನ್ನೊಂದು ವರ್ಷ ಇದಕ್ಕ ಉಲ್ಟಾ, ಮಳಿ ಇಲ್ಲ ಅಂತ ಬಯಲಾಗ ನಿಲ್ಲಿಸಿದ್ರು, ಭಾಷಣ ಮುಗಿಯೋತನ ಕೂಸುಗಳು ತೋಯ್ಸಿಕೊಂಡವು. ಸರಕಾರಿ ಕಟ್ಟಡದ ಮ್ಯಾಲಿನ ಝಂಡಾ ಹವಾಮಾನ ಹ್ಯಾಂಗರ ಇರಲಿ ಹಾರಬೇಕು ಅಂತ 2002ರ ಧ್ವಜ ಸಂಹಿತೆಯೊಳಗ ಅದ. ಝಂಡಾ ತೋಯ್ದ್ರ ನಡೀತದ, ಮಕ್ಕಳು ಯಾಕ ತೋಯಬೇಕು? ಝಂಡಾ ಬಯಲಾಗ, ಕುಣಿತ ಭಾಷಣ ವರಾಂಡದಾಗ ಅಂತ ಮೊದಲೇ ಠರಾಯಿಸಿದ್ರ ಹತ್ತು ದಿನ ಮೊದಲು ಜ್ಯೋತಿಷ್ಯ ಯಾಕ ಬೇಕು? ವರಾಂಡ ಇಲ್ಲದ ಸಾಲಿಗೆ ಒಂದು ಪತ್ರಾಸ್ ಚಪ್ಪರ ಕೇಳ್ರಿ. ಅದಕ್ಕ ಜಗಳಾಡ್ರಿ, ನಾನೂ ಬರ್ತೀನಿ.

ನಮ್ಮ ಕಡಿಯವರಿಗೆ ಈ ಮಾತು ಎರಡು ಸಲ ಹೇಳಬೇಕಾಗ್ತದ. ಬ್ಯಾರೆ ಕಡಿ ಮಳಿಗಾಲದ ಝಂಡಾ ಒಂದೇ. ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತಕ್ಕ ಸೇರಿದ್ದು 1948ರ ಸೆಪ್ಟೆಂಬರಿನ್ಯಾಗ, ಅದಕ್ಕ ನಾವು ಸೆಪ್ಟೆಂಬರ್ 17ಕ್ಕೂ ಏರಸ್ತೀವಿ. ಅದು ಉತ್ತರಿ ಮಳಿ ಹೊತ್ತು. ನಮ್ಮ ಭಾಗಕ್ಕ ಸೆಪ್ಟೆಂಬರ್ ಅಂದ್ರ ಜೋರು ಮಳಿ, ಗುಡುಗು, ಸಿಡಿಲು. ಅವತ್ತು ಬೂಟು ತೋಯ್ತದೇನು ಅಂತ ಕೇಳೋದಕ್ಕಿಂತ, ಗುಡುಗು ಕೇಳಿಸಿದ ಕೂಡಲೆ ಮಕ್ಕಳನ್ನ ಕಬ್ಬಿಣದ ಕಂಬದಿಂದ, ಗಿಡದ ಬುಡದಿಂದ ಸರಿಸಿ ಪಕ್ಕಾ ಕಟ್ಟಡದೊಳಗ ಯಾರು ಕರ್ಕೊಂಡು ಹೋಗ್ತಾರ ಅಂತ ಕೇಳ್ರಿ. ಹವಾಮಾನ ಇಲಾಖೆ ಮೂರು ತಾಸಿನ ಮುನ್ಸೂಚನೆ ಕೊಡ್ತದ, ಸಿಡಿಲಿಗೆ ‘ದಾಮಿನಿ’ ಆ್ಯಪ್ ಅದ. ಝಂಡಾದ ಮುಂಜಾನಿ ನೋಡೋದು ಅದನ್ನ, ಆಗಸ್ಟ್ ಐದರ ಮೂರು ಹನಿ ಚಿತ್ರ ಅಲ್ಲ.

ಈ ವರ್ಷ ನಾವು ತಾಡಪತ್ರಿ ಮೊದಲೇ ತಂದಿಟ್ಟೀವಿ. ಕಾಯಿ ಕರ್ರಗಾದ ದಿನ ಬಿಡಸೋದು, ಸೂಟಿ ಇರಲಿ ಬಿಡಲಿ. ಕೂಲಿ ಎರಡು ರೂಪಾಯಿ ಹೆಚ್ಚು ಹೋಗ್ಲಿ. ತಮ್ಮ ನಿನ್ನಿ ಮತ್ತ ಫೋನ್ ಮಾಡಿ, ‘ಅಕ್ಕಾ, ಹದಿನೈದಕ್ಕ...’ ಅಂದ. ‘ಕಾಯಿ ಎಷ್ಟು ಕರ್ರಗಾಗ್ಯದ, ಅದು ಹೇಳು’ ಅಂದೆ.

ಮಗ್ಗಲ ಮನಿ ಹುಡುಗಿನೂ ಬಂದಿದ್ದಳು, ಅದೇ ಬಿಳಿ ಬೂಟು. ‘ಹಾಕ್ಕೊಂಡು ಹೋಗವ್ವಾ’ ಅಂದೆ, ‘ಒಂದು ಪ್ಲಾಸ್ಟಿಕ್ ಚೀಲ ಜೋಡಿಗಿರಲಿ. ಮಳಿ ಬಂದ್ರ ಬೂಟು ಚೀಲದಾಗ ಹಾಕು, ನೀನು ಒಳಗ ಓಡು.’